ಅಧ್ಯಕ್ಷರ ಅಧಿಕಾರದ ಮೇರೆ

ಮುನಸಿಪಾಲ್ಟಿ ಅಧ್ಯಕ್ಷ ಪುಂಡಲೀಕಪ್ಪನವರು ಖಾದಿ ಟೊಪ್ಪಿಗೆ ಏರಿಸಿಕೊಂಡು ಬೆಟಗೇರಿಯ ಓಣಿಗಿಳಿದರೆಂದರೆ ಕಟ್ಟೆಯ ಮೇಲೆ ಮಲಗಿದ ನಾಯಿಗಳೂ ಎದ್ದು ನಿಲ್ಲುತ್ತವೆ. ಕಾಯ್ದೆಯ ಪುಸ್ತಕ ಸದಾ ಬಗಲಲ್ಲಿರುತ್ತದೆ. ಅದನ್ನು ತೆರೆದದ್ದು ಕಂಡವರಿಲ್ಲ. ಕಸದ ಬಂಡಿ ಬರಲಿಲ್ಲವೆಂದರೆ, "ಅದು ನನ್ನ ಅಧಿಕಾರದಾಗ ಬರ್ತೈತಿ" ಎನ್ನುತ್ತಾರೆ. ಹೊಂಬಳದವರ ಎತ್ತು ಸಂತೆಯಲ್ಲಿ ತಪ್ಪಿಸಿಕೊಂಡರೂ, ಮರಿಯವ್ವನ ಸೊಸೆ ಮುನಿಸಿಕೊಂಡು ಲಕ್ಕುಂಡಿಯ ತವರಿಗೆ ಹೋದರೂ ಅದೇ ಮಾತು. ಆ ಸೊಸೆಯನ್ನು ಕರೆತರಲು ಖುದ್ದು ಬಸ್ಸು ಹತ್ತಿದ್ದೂ ಉಂಟು. ಅವರ ಕೈಲಾಗದ್ದು ಒಂದೇ, ಸ್ವಂತ ಮನೆಯ ಮುಂದೊಂದು ನಳ. "ಊರಿಗೆಲ್ಲಾ ನಳ ಹಾಕಸ್ತೀರಿ, ನನ್ನ ಮೊಣಕಾಲ ನೋವು ನಿಮಗ ಕಾಣೂದಿಲ್ಲೇನು?" ಎಂದು ಹೆಂಡತಿ ಫಕ್ಕೀರವ್ವ ಕೇಳಿದರೆ, "ಮೊದಲ ಊರ ಮುಗೀಲಿ. ಅಲ್ಲೀತನಕಾ ಅದು ನನ್ನ ಅಧಿಕಾರದಾಗಿಲ್ಲ" ಎಂದು ಗೋಡೆ ನೋಡುತ್ತಾರೆ. ಊರೋ, ಮುಗಿಯುವುದೇ ಇಲ್ಲ. ಆದರೆ ಫಕ್ಕೀರವ್ವ ಕೊಡ ಮುಟ್ಟಿ ಎರಡು ವರ್ಷವಾಯಿತು. ಗಂಡಸರು ಕಾಲಿಡದ ನಳದ ಪಾಳಿಯಲ್ಲಿ, ಹೆಂಗಸರ ನಡುವೆ, ಹಿತ್ತಾಳೆ ಕೊಡ ಹಿಡಿದು ದಿನಾ ಬೆಳಿಗ್ಗೆ ನಿಲ್ಲುವವರು ಅಧ್ಯಕ್ಷರೇ. ಕನ್ನಡ ನಾಡು ಒಂದಾದ ದಿನವೂ ನಿಂತಿದ್ದರು. ಬಾಜಾದವರು, ಧ್ವಜ, ಮೆರವಣಿಗೆ ಎಲ್ಲವೂ ಚೌಕಿನಲ್ಲಿ ಅವರಿಗಾಗಿ ಕಾಯುತ್ತಿದ್ದವು. "ಅಧ್ಯಕ್ಷರ, ಇವತ್ತರೆ ಮುಂದ ಬರ್ರಿ" ಎಂದು ದುರಗವ್ವ ತನ್ನ ಕೊಡ ಸರಿಸಿದಳು. ಪುಂಡಲೀಕಪ್ಪನವರು ಬೋಳುತಲೆ ಸವರಿಕೊಂಡು, "ಟೊಪಗಿ ಮನ್ಯಾಗೈತಿ, ತಂಗಿ. ಈಗ ನಾ ಬರೇ ಫಕ್ಕೀರವ್ವನ ಗಂಡ" ಎಂದು ತಮ್ಮ ಪಾಳಿಯಲ್ಲೇ ನಿಂತರು.