ಮೇಷ್ಟ್ರ ಅಂಗಾಲಿನ ಮಚ್ಚೆ

ಬೀರು ಒರೆಸುವಾಗ ನನ್ನ ಹಳೆಯ ಟಿ.ಸಿ. ಸಿಕ್ಕಿತು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಗುರುತಿನ ಚಿಹ್ನೆ ಎಂಬಲ್ಲಿ ಮೇಷ್ಟ್ರ ಗುಂಡು ಅಕ್ಷರ: ‘ಬಲ ಮೊಣಕೈ ಬಳಿ ಸಾಸಿವೆ ಕಾಳಿನಷ್ಟು ಕಪ್ಪು ಮಚ್ಚೆ’. ಓದುತ್ತಲೇ ಹಳೆಯ ಸಿಟ್ಟು ನೆತ್ತಿಗೇರಿತು.

ಸಿಂಗಟಗೆರೆ ಶಾಲೆಯಲ್ಲಿ ವರ್ಷವರ್ಷವೂ ಹತ್ತನೇ ತರಗತಿಯವರನ್ನು ಸಾಲಾಗಿ ನಿಲ್ಲಿಸಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಮಚ್ಚೆ ಹುಡುಕುತ್ತಿದ್ದವರು ಅವರು. ಗಾತ್ರ ಬರೆಯದಿದ್ದರೆ ಅವರಿಗೆ ಸಮಾಧಾನವಿಲ್ಲ. ನಿವೃತ್ತಿಯಾದ ಮೇಲೆ ಕಡೂರಿನಲ್ಲಿ ನಮ್ಮ ಪಕ್ಕದ ಮನೆಗೇ ಬಂದರು. ಸಂಜೆ ಜಗಲಿಯ ಮೇಲೆ ಕಾಲು ಚಾಚಿ ಕೂತರೆ ಎಡ ಅಂಗಾಲಿನ ಮಚ್ಚೆ ಕಾಣುತ್ತಿತ್ತು. ಕಾಲಲ್ಲಿ ಮಚ್ಚೆಯಿದ್ದರೆ ತಿರುಗಾಟ ಅನ್ನುತ್ತಾರಲ್ಲ, ಸಿಂಗಟಗೆರೆ, ಅಜ್ಜಂಪುರ, ಅಮೃತಾಪುರ ಎಂದು ಆದ ವರ್ಗಾವಣೆಗಳನ್ನೆಲ್ಲ ಅದರ ತಲೆಗೇ ಕಟ್ಟಿ ನಗುತ್ತಿದ್ದರು.

ಒಂದು ವರ್ಷ ಅದು ಅಗಲವಾಯಿತು. ಅಂಚು ಸೊಟ್ಟಪಟ್ಟ, ನಡುನಡುವೆ ಕಡುಗಪ್ಪು... ಇದೇನು ಮೇಷ್ಟ್ರೇ ಎಂದೆ.

“ರಿಟೈರಾದ್ರೂ ಇನ್ನೊಂದು ಟ್ರಾನ್ಸ್‌ಫರ್ ಕಾದೈತೆ ಕಣಮ್ಮ,” ಅಂದರು.

ನಕ್ಕುಬಿಟ್ಟೆ. ನಾಚಿಕೆಯಾಗಬೇಕು ನನಗೆ.

ರಕ್ತ ಜಿನುಗತೊಡಗಿದಾಗ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಆ ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ, ಕಾಲೆತ್ತಿ ತೋರಿಸಿ ಅನ್ನಲೂ ಇಲ್ಲ. ಬರಿಗಾಲಲ್ಲಿ ತೋಟ ತಿರುಗಿ ಆಣಿಯಾಗಿದೆ ಎಂದು ಮುಲಾಮು ಬರೆದರು. ಕೆಟ್ಟ ಕಾಯಿಲೆ ಇರಬಹುದೇ ಎಂದು ಕೇಳಿದೆ.

“ಚರ್ಮದ ಕ್ಯಾನ್ಸರು ಬಿಸಿಲಿಗೆ ಸುಟ್ಕೊಳ್ಳೋ ಬಿಳಿಯರಿಗೆ ಬರೋದು ಕಣಮ್ಮ, ನಮಗಲ್ಲ.”

ಓದಿದವರು ಆಡುವ ಮಾತೇ ಅದು? ಮುಲಾಮು ಹಚ್ಚುತ್ತಾ ಒಂದು ಮಳೆಗಾಲ ಕಳೆಯಿತು. ತೊಡೆಸಂದಿಯಲ್ಲಿ ಗಂಟು ಕಂಡ ಮೇಲೆ ದೊಡ್ಡಾಸ್ಪತ್ರೆಗೆ ಹೋದೆವು. ಬಿಸಿಲೇ ಕಾಣದ ಅಂಗಾಲಿಗೂ, ನಮ್ಮಂಥ ಕಪ್ಪು ಮೈಯವರಿಗೂ ಇದು ಬರುತ್ತದೆ ಎಂದರು ಅಲ್ಲಿ. ಮಚ್ಚೆ ಬದಲಾಗತೊಡಗಿದಾಗಲೇ ಬಂದಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು ಉಳಿಸಿಕೊಳ್ಳಬಹುದಿತ್ತಂತೆ. ಯುಗಾದಿಗೆ ಮೇಷ್ಟ್ರು ಇರಲಿಲ್ಲ...

ಈಗ ತಿಂಗಳಿಗೊಂದು ಭಾನುವಾರ, ತಲೆಗೆ ಎಣ್ಣೆ ಹಚ್ಚುವಾಗ, ಮನೆಯವರೆಲ್ಲರ ಬೆನ್ನು, ಅಂಗಾಲು, ಉಗುರು ನೋಡುತ್ತೇನೆ. ಗೊಣಗುತ್ತಾರೆ, ಗೊಣಗಲಿ. ಮೊನ್ನೆ ಬಂದ ನೆಂಟರೊಬ್ಬರು ತಮ್ಮ ಕಾಲಿನ ಮಚ್ಚೆ ತೋರಿಸಿ ತಿರುಗಾಟದ ಮಾತು ತೆಗೆದರು. ಕಾಫಿ ಕೊಡುವ ಮೊದಲೇ ಬೈದು ಆಸ್ಪತ್ರೆಗೆ ಕಳಿಸಿದೆ.

ಟಿ.ಸಿ. ಪಕ್ಕದಲ್ಲಿಟ್ಟುಕೊಂಡು ಮೊಣಕೈ ತಿರುಗಿಸಿ ನೋಡಿದೆ. ಇನ್ನೂ ಸಾಸಿವೆ ಕಾಳಿನಷ್ಟೇ ಇದೆ. ನನ್ನ ಮಚ್ಚೆ ಎಷ್ಟಿತ್ತೆಂದು ಬರೆದಿಟ್ಟವರು ಮೇಷ್ಟ್ರು. ಅವರದನ್ನು ದಿನಾ ಸಂಜೆ ನೋಡುತ್ತಿದ್ದವಳು ನಾನು. ನೋಡಿ, ನಕ್ಕು, ಒಳಗೆ ಹೋಗುತ್ತಿದ್ದೆ.