ಜೊಂಡಿನ ತಲೆದಿಂಬು

ಮೊನ್ನೆ ಪಾಣೆಮಂಗಳೂರಿನ ಅಂಗಡಿಯೊಂದರಲ್ಲಿ ಒಣಗಿದ ಜೊಂಡಿನ ತೆನೆಗಳನ್ನು ಚಂದಕ್ಕೆಂದು ಹೂದಾನಿಯಲ್ಲಿ ನಿಲ್ಲಿಸಿದ್ದರು. ನೀವೂ ನೋಡಿರುತ್ತೀರಿ: ಕೆರೆಯ ಕೆಸರಿನಲ್ಲಿ ಆಳೆತ್ತರ ಬೆಳೆಯುವ ಹುಲ್ಲು, ಅದರ ತುದಿಗೆ ಮಖಮಲ್ಲಿನಂಥ ಕಂದು ತೆನೆ. ಮುಟ್ಟಬಾರದೆಂದು ಬರೆದಿದ್ದರೂ ಮುಟ್ಟಿದೆ. ಈ ವಯಸ್ಸಿನಲ್ಲೂ ನನ್ನ ಕೈ ಸುಮ್ಮನಿರುವುದಿಲ್ಲ. ಮುಟ್ಟಿದ್ದೇ ಐಸಮ್ಮ ನೆನಪಾದಳು.

ನಾನು ಬೆಳೆದ ಊರು ನರಿಕೊಂಬಿನಲ್ಲಿ ನಮ್ಮ ಪಕ್ಕದ ಮನೆ ಅವಳದು. ಗಂಡ ಸೌದಿಯ ದಮ್ಮಾಮಿನಲ್ಲಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳು ಬಸುರಿಯಾದಾಗ ಅವಳಿಗಿಂತ ಹೆಚ್ಚು ಗಡಿಬಿಡಿ ನನ್ನ ಅಮ್ಮನಿಗೆ. ಕಾಲೇಜಿಗೆ ಹೋಗುತ್ತಿದ್ದ ನನ್ನನ್ನೂ ಕರೆದುಕೊಂಡು ಕೆರೆಗಿಳಿದಳು. ಬಲಿತ ತೆನೆಯನ್ನು ಹಿಚುಕಿದರೆ ಹತ್ತಿಗಿಂತ ನವಿರಾದ ಅರಳೆ ಹೊರಬರುತ್ತದೆ. ಅದನ್ನು ತುಂಬಿ, ತನ್ನ ಹಳೆಯ ಸೀರೆಯ ಬಟ್ಟೆಯಲ್ಲಿ ಪುಟ್ಟ ತಲೆದಿಂಬು ಹೊಲಿದಳು. ನಾನು ವಾರವಿಡೀ ಸೀನಿದೆ.

ಮಗು ಉಳಿಯಲಿಲ್ಲ. ಹುಟ್ಟಿದ ಮರುದಿನವೇ ಹೋಯಿತು.

ಆಮೇಲೆ ಆ ಮನೆಗೆ ಹೋದವರೆಲ್ಲ ಮಳೆ, ಮೀನು, ಬಸ್ಸು ಎಂದು ಮಾತಾಡಿ ಬಂದರು. ಮಗುವಿನ ಸುದ್ದಿ ಯಾರೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಕೊಡದೆ ಉಳಿದ ದಿಂಬನ್ನು ಅವಳು ನಮ್ಮ ಕಪಾಟಿನೊಳಗೆ, ಬಟ್ಟೆಗಳ ಹಿಂದೆ ತುರುಕಿಟ್ಟಳು.

ಒಂದು ಮಧ್ಯಾಹ್ನ ಐಸಮ್ಮನೇ ಬಂದಳು.

"ಅಕ್ಕಾ, ಆ ದಿಂಬು ಉಂಟಲ್ಲ, ಅದನ್ನು ಕೊಡಿ."

"ಈಗ ಯಾಕೆ ನಿನಗೆ ಅದು? ಬೇಡ ಮಾರಾಯ್ತಿ."

"ನನ್ನ ಮಗುವಿನದ್ದಲ್ವಾ? ಕೊಡಿ."

ಅಮ್ಮ ತಂದುಕೊಟ್ಟಳು. ಐಸಮ್ಮ ನಮ್ಮ ಜಗಲಿಯಲ್ಲಿ ಕೂತು ದಿಂಬನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು.

"ಅವನಿಗೆ ತಲೆ ತುಂಬ ಕೂದಲಿತ್ತು ಅಕ್ಕಾ. ಒಂದು ಕೈ ಮುಚ್ಚಿಕೊಂಡೇ ಇದ್ದ. ಹೇಗಿದ್ದ ಅಂತ ಒಬ್ಬರೂ ಕೇಳಲಿಲ್ಲ."

ಅಮ್ಮ ಅವಳಿಗೆ ಒತ್ತಿಕೊಂಡು ಕೂತಳು. "ಹೇಳು, ನಾನು ಕೇಳ್ತೇನೆ," ಎಂದಳು.

ಐಸಮ್ಮ ಹೇಳಿದಳು. ನಡುವೆ ಒಮ್ಮೆ ನಕ್ಕಳು ಕೂಡ. ಆಮೇಲೆ, ಅಷ್ಟು ದಿನ ಅಳದಿದ್ದವಳು, ಅಮ್ಮನ ಹೆಗಲಿಗೆ ಮುಖವಿಟ್ಟು ಅತ್ತಳು. ಒಳಗೆ ಒಲೆಯ ಮೇಲಿದ್ದ ಗಂಜಿ ಸೀದ ವಾಸನೆ ಬಂತು. ಅಮ್ಮ ಏಳಲಿಲ್ಲ, ನಾನೇ ಓಡಿದೆ. ಸಂಜೆ ಐಸಮ್ಮ ದಿಂಬನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದಳು.

ಇವತ್ತು, ನನ್ನೊಡನೆ ಪಾಠ ಮಾಡುವ ಟೀಚರೊಬ್ಬರು ರಜೆ ಮುಗಿಸಿ ಶಾಲೆಗೆ ಬಂದರು. ಅವರ ಹಸುಗೂಸೂ ಹೋಗಿ ಹೆಚ್ಚು ದಿನವಾಗಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಪರೀಕ್ಷೆಯ ಮಾತಾಡುತ್ತಿದ್ದರು. ಮೊನ್ನೆಯ ತನಕವಾದರೆ ನಾನೂ ಅದನ್ನೇ ಆಡುತ್ತಿದ್ದೆನೋ ಏನೋ. ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

"ಮಗಳು ಯಾರ ಹಾಗೆ ಇದ್ದಳು ಟೀಚರ್?"

ಅವರು ಹೆಗಲ ಚೀಲವನ್ನು ಕೆಳಗಿಟ್ಟು, "ಮೂಗು ನನ್ನದೇ," ಎಂದರು.