ಬಿರುಕಿನೊಳಗಿನ ಉಸುಕು

ಮಕ್ತುಂಸಾಬರು ಬಾವಿಗಿಳಿದರೆ ಸುತ್ತಿಗೆ ಮುಟ್ಟುವ ಮೊದಲು ಬಂಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಮೇಲಿಂದ ನಾವು ಬಗ್ಗಿ ನೋಡಿದರೆ, “ಗದ್ದಲ ಮಾಡಬ್ಯಾಡ್ರಿ, ಕಲ್ಲು ನಾಚತದ” ಎನ್ನುತ್ತಿದ್ದರು.

ಗಜೇಂದ್ರಗಡದವರು. ಹರೆಯದಲ್ಲೇ ಮುಂಬಯಿಯಿಂದ ಹಡಗು ಹತ್ತಿ, ಅರಬರ ನಾಡಿನ ಎಣ್ಣೆಬಾವಿಗಳಲ್ಲಿ ದುಡಿದು, ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಆಗಷ್ಟೇ ಊರಿಗೆ ಬಂದಿದ್ದರು. ನಾನು ಯಾವಗಲ್ಲ ಎಂಬ ಊರಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಹಿತ್ತಲ ಬಾವಿಯ ಸೆಲೆ ನಿಂತಿತೆಂದು ನಮ್ಮ ಯಜಮಾನರು ಅವರನ್ನು ಕರೆಸಿದರು.

ದನದ ಕೊಟ್ಟಿಗೆಯ ಗೋಡೆಮಾಡದಲ್ಲಿ ಅವರಿಗೆಂದೇ ಬೇರೆಯಾಗಿಟ್ಟ ಕಪ್ಪಿನಲ್ಲಿ ಚಹಾ ಕುಡಿಯುತ್ತ ಅವರು ಹೇಳಿದರು: “ಅಮೇರಿಕಾದ ಸಾಹೇಬ ಒಬ್ಬಾಂವ ಹೇಳಿದ್ದ್ರಿ ಅವ್ವಾರ. ಅವರ ಕಡೆ ನೀರಾಗ ಉಸುಕು ಕಲಸಿ, ಯಂತ್ರ ಹಚ್ಚಿ ಆಳಕ್ಕ ನೂಕ್ತಾರಂತ. ಆ ಜೋರಿಗೆ ಬಂಡಿಗಲ್ಲು ಬಿರೀತದ. ನೀರು ತಿರುಗಿ ಬರತದ, ಉಸುಕು ಬಿರುಕಿನ್ಯಾಗ ಉಳೀತದ. ಅದು ಇದ್ರ ಬಿರುಕು ಮುಚ್ಚೂದಿಲ್ಲ. ಉಸುಕಿನ ಸಂದ್ಯಾಗ ಹಾಯ್ದು ಎಣ್ಣಿ, ಗ್ಯಾಸು ಮ್ಯಾಲ ಬರತದ.”

“ನಮ್ಮ ಬಾವ್ಯಾಗ ಎಣ್ಣಿ ಬಂದ್ರ ಒಗ್ಗರಣಿಗೆ ಆತು ಬಿಡೋ” ಎಂದರು ನಮ್ಮತ್ತೆ.

“ಆ ಎಣ್ಣೀಲೆ ಒಗ್ಗರಣಿ ಕೊಟ್ರ ಅಡಗೀಮನಿನ ಹಾರತದ್ರಿ ಆಯಾರ!”

ಯಂತ್ರವಿಲ್ಲದ್ದಕ್ಕೆ ಅವರು ಕಬ್ಬಿಣದ ಬೆಣೆ ಹೊಡೆದು ಬಂಡೆಯ ಸೀಳನ್ನು ಅಗಲಿಸಿದರು. ಒಳಗೆ ಗಟ್ಟಿ ಉಸುಕನ್ನು ಕೈಯಾರೆ ತುರುಕಿ, ಬೆಣೆ ತೆಗೆದರು. ಮೂರನೆಯ ದಿನಕ್ಕೆ ಮೊಳಕಾಲುದ್ದ ನೀರು.

ಬರೆಯಲು ನಾಚಿಕೆಯಾಗುತ್ತದೆ. ಆ ನೀರಿನಿಂದಲೇ ನಾನು ಲಿಂಗಪೂಜೆ ಮಾಡಬೇಕಿತ್ತು. ಸಾಬರು ಮುಟ್ಟಿದ ಉಸುಕು ಸೆಲೆಯ ಬಾಯಲ್ಲೇ ಕೂತಿದೆ ಎಂಬುದು ಮನಸ್ಸಿಗೆ ಒಗ್ಗಲಿಲ್ಲ. ಯಜಮಾನರು ರೋಣಕ್ಕೆ ಹೋದ ದಿನ ಆಳನ್ನು ಇಳಿಸಿ, ಅಷ್ಟೂ ಉಸುಕನ್ನು ಕೆದರಿ ತೆಗೆಸಿದೆ. ಗೋಮೂತ್ರ ಚಿಮುಕಿಸಿದೆ. ಸೀಳಿಗೆ ಮೇಲಿನ ಜಿಗಿಮಣ್ಣು ಜಾರಿ ಕೂತಿತು. ವಾರದಲ್ಲಿ ಬಾವಿ ಮತ್ತೆ ಒಣಗಿತು.

“ಎಣ್ಣಿ ಸಾಬ ಟೊಪಗಿ ಹಾಕಿದ” ಎಂದು ಊರೆಲ್ಲ ನಕ್ಕಿತು. ಹತ್ತಿರದ ಜಕ್ಕಲಿ ಊರಲ್ಲಿ ಎರಡು ಬಾವಿಯ ಕೆಲಸ ಅವರಿಗೆಂದೇ ನಿಗದಿಯಾಗಿತ್ತು. ಅಲ್ಲಿಯವರು ನಮ್ಮ ಬಾವಿ ನೋಡಿ ನಿರ್ಧರಿಸುತ್ತೇವೆ ಎಂದರು. ನಾನು ಬಾಯಿ ಬಿಡಲಿಲ್ಲ.

ಸುದ್ದಿ ಕೇಳಿ ಮಕ್ತುಂಸಾಬರು ತಾವಾಗಿ ಬಂದು ಬಾವಿಗಿಳಿದರು. ಸೀಳು ಕೆದರಿದ ಗುರುತು ಕಂಡಿರಬೇಕು, ಮೇಲೆ ಬಂದವರು ನನ್ನನ್ನೊಮ್ಮೆ ನೋಡಿದರು. ನಾನು ಸೆರಗು ಎಳೆದುಕೊಂಡೆ.

“ಏನಾಗೇತೋ?” ಎಂದರು ಯಜಮಾನರು, ಬಾವಿ ನೋಡಲು ಬಂದಿದ್ದ ಜಕ್ಕಲಿಯವರ ಎದುರಿಗೇ.

“ನಂದ ತಪ್ಪರಿ ಧಣ್ಯಾರ. ಉಸುಕು ಸಣ್ಣದಾತು, ಕೊಚ್ಚಿಕೊಂಡು ಹೋಗೇದ.”

ಜಕ್ಕಲಿಯವರು ಮುಖ ಮುಖ ನೋಡಿಕೊಂಡು ಎದ್ದು ಹೋದರು. ಆಗಲೂ ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ಮಕ್ತುಂಸಾಬರು ಮರುದಿನ ಹೊಸ ಉಸುಕು ತರಿಸಿ, ಸೀಳು ಬಿಡಿಸಿ ತುಂಬಿಸಿದರು. ಹೊರಡುವಾಗ ಹಿತ್ತಲ ಬಾಗಿಲಲ್ಲಿ ನನಗಷ್ಟೇ ಕೇಳುವಂತೆ ಹೇಳಿದರು: “ಅವ್ವಾರ, ಈ ಸಲ ನಾ ಮುಟ್ಟಿಲ್ರಿ. ನಿಮ್ಮ ಆಳಿನ ಕೈಲೇ ತೊಳಿಸಿ, ಅವನ ಕೈಲೇ ತುಂಬಿಸೀನಿ. ತೆಗಸಬ್ಯಾಡ್ರಿ.”

ನೀರು ಬಂತು, ಇಂದಿಗೂ ಇದೆ. ಜಕ್ಕಲಿಯ ಕೆಲಸ ಮಾತ್ರ ಅವರ ಕೈತಪ್ಪಿತು. ಆ ದೀಪಾವಳಿಗೆ ಮೊದಲೇ ಅವರು ಮತ್ತೆ ಹಡಗು ಹತ್ತಿದರೆಂದು ಗಜೇಂದ್ರಗಡದ ಬಳೆಗಾರ್ತಿ ಹೇಳಿದಳು.

ದೇವರು ಮಾಡಿದ ಸಣ್ಣ ಸಣ್ಣ ಕರುಣೆಗಳನ್ನು ದಿನಾ ಪೂಜೆಯಲ್ಲಿ ನೆನೆಯುತ್ತೇನೆ. ಮಕ್ತುಂಸಾಬರು ನನ್ನ ಹೆಸರು ಹೇಳದೆ ಹೋದದ್ದನ್ನು ಮಾತ್ರ ಅದರಲ್ಲಿ ಸೇರಿಸಲು ಬಾಯಿ ಬರುವುದಿಲ್ಲ.